ಹೆಸರು ಹಿಡಿದು ಕರೆಯಿರಿ

ನಮ್ಮ ಅತ್ತಿಗೆ ಸರ್ವಮಂಗಳಾ ನಲವತ್ತು ವರ್ಷದ ಸಂಸಾರದಲ್ಲಿ ಗಂಡನ ಹೆಸರು ಹೇಳಿದ್ದು ಒಂದೇ ಸಲ. ಅದೂ ಹೊಸ್ತಿಲಾಚೆ ನಿಂತು, ಯಾರಿಗೂ ಕೇಳಿಸದ ಹಾಗೆ. ಕೇಳಿಸಲಿಲ್ಲ ಅಂತ ನಾನು ಧೈರ್ಯವಾಗಿ ಹೇಳಬಲ್ಲೆ, ಯಾಕೆಂದರೆ ಅವತ್ತು ಬಾಗಿಲಿಗೆ ಅಡ್ಡ ನಿಂತಿದ್ದವಳು ನಾನೇ.

ನಾನು ದಾಕ್ಷಾಯಿಣಿ, ಅವರ ನಾದಿನಿ. ಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿ ಸೀಟಿ ಊದಿ ಊದಿ ರಿಟೈರಾದವಳು. ನನ್ನ ಗಂಟಲು ಈಗಲೂ ನಾಲ್ಕು ಮನೆಯಾಚೆಗೆ ಕೇಳುತ್ತದೆ. ಅಣ್ಣನ ಮದುವೆಯಲ್ಲಿ ನನಗೆ ಕಾಲೇಜಿನ ವಯಸ್ಸು, ಮೈಯಲ್ಲೆಲ್ಲ ತುಂಟತನ. ಮೈಸೂರಿನ ಕುಂಬಾರಕೊಪ್ಪಲಿನ ನಮ್ಮ ಮನೆಯ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ನಾನು ಎರಡು ಕೈಯನ್ನೂ ಬಾಗಿಲಿಗೆ ಅಡ್ಡ ಚಾಚಿ, "ಗಂಡನ ಹೆಸರು ಹೇಳಿದ್ರೆ ದಾರಿ, ಇಲ್ದಿದ್ರೆ ವಾಪಸ್ ಹಿನಕಲ್ಲಿನ ತವರಿಗೆ" ಅಂದೆ. ಮದುಮಗಳು ತಲೆ ತಗ್ಗಿಸಿ ಏನೋ ಅಂದರು.

"ಕೇಳಿಸ್ಲಿಲ್ಲ!" ಅಂದೆ.

ಮತ್ತೆ ತುಟಿ ಅಲ್ಲಾಡಿತು.

"ಊಹೂಂ, ಕೇಳಿಸ್ಲೇ ಇಲ್ಲ!"

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಆಗ ಪಕ್ಕದಲ್ಲಿ ನಿಂತಿದ್ದ ಅಣ್ಣ, "ಬುಡೇ ದಾಕ್ಷಿ. ನಂಗೆ ಕೇಳಿಸ್ತು, ಸಾಲ್ದಾ?" ಅಂದ. ನಾನು ಕೈ ಇಳಿಸಿದೆ.

ನಮ್ಮಣ್ಣನ ಹೆಸರು ಚಂದ್ರಮೌಳಿ. ಮನೆಯ ಮುಂದಿನ ಕೋಣೆಯೇ ಅವನ ಗ್ರಂಥಿಗೆ ಅಂಗಡಿ. ವಿಭೂತಿ, ಕರ್ಪೂರ, ಅರಿಶಿನ ಕುಂಕುಮ, ಊದಿನಕಡ್ಡಿ, ಪೂಜೆಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ. ಅಂಗಡಿಗೂ ನಡುಮನೆಗೂ ಮಧ್ಯೆ ಒಂದು ಬಾಗಿಲು, ಬಾಗಿಲಿಗೊಂದು ಹೂವಿನ ಪರದೆ. ಅತ್ತಿಗೆ ಪರದೆಯ ಈಚೆ ಕೂತು ಹೂಬತ್ತಿ ಹೊಸೆಯುತ್ತಿದ್ದರು, ಗೆಜ್ಜೆವಸ್ತ್ರ ಮಾಡುತ್ತಿದ್ದರು. ಅಣ್ಣ ಪರದೆಯ ಆಚೆ ಕೂತು ಅವನ್ನು ಮಾರುತ್ತಿದ್ದ. ಬಂದ ಗಿರಾಕಿಗೆ ಮೊದಲು ಒಂದು ಊದಿನಕಡ್ಡಿ ಹಚ್ಚಿ ಮೂಗಿನ ಮುಂದೆ ಆಡಿಸಬೇಕು, ಆಮೇಲೆ ಮಾತು. ಮಾತೋ, ಶಿವಶಿವಾ! ಕರ್ಪೂರ ಕೇಳಿದವರಿಗೆ ಅವರ ಮಗಳ ಬಾಣಂತನದ ತನಕ ವಿಚಾರಿಸುತ್ತಿದ್ದ.

ಮಧ್ಯಾಹ್ನ ಒಂದು ಗಂಟೆಗೆ ಅತ್ತಿಗೆ ಆ ಬಾಗಿಲ ಹತ್ತಿರ ಬಂದು, "ರೀ, ಊಟ" ಅನ್ನುತ್ತಿದ್ದರು.

"ಬಂದೆ, ಬಂದೆ, ಒಂದ್ನಿಮಿಷ!"

ಆ ಒಂದು ನಿಮಿಷ ಅರ್ಧ ಗಂಟೆಗೆ ಕಮ್ಮಿ ಆದದ್ದನ್ನು ನಾನು ಕಂಡಿಲ್ಲ. ಸಾರು ಆರುತ್ತಿತ್ತು, ಮತ್ತೆ ಕಾಯುತ್ತಿತ್ತು. "ಇವರ ಒಂದ್ನಿಮಿಷಕ್ಕಿಷ್ಟು ಬೆಂಕಿ ಹಾಕ" ಅಂತ ಅತ್ತಿಗೆ ಗೊಣಗುತ್ತಿದ್ದರು. ಗೊಣಗುವುದೇನೋ ಸರಿ, ಆದರೆ ಅವನು ಉಣ್ಣದೆ ಒಂದು ತುತ್ತೂ ಬಾಯಿಗಿಡುತ್ತಿರಲಿಲ್ಲ. "ನೀವು ಉಂಡ್ಬುಡಿ ಅತ್ತಿಗೆ, ಅವನಿಗೇನು ಕೇಡು" ಅಂತ ನಾನು ಎಷ್ಟು ಸಲ ಬೈದಿದ್ದೇನೋ. ನಕ್ಕುಬಿಡುತ್ತಿದ್ದರು.

ಮಕ್ಕಳಾಗಲಿಲ್ಲ. ಬೇರೆ ಹೆಂಗಸರಿಗೆ ಗಂಡನನ್ನು ಕರೆಯೋದಕ್ಕೆ 'ಪುಟ್ಟನ ಅಪ್ಪ', 'ಪಾಪು ಅಪ್ಪ' ಅಂತ ಒಂದು ದಾರಿಯಾದರೂ ಇರುತ್ತದೆ. ಇವರಿಗೆ ಅದೂ ಇಲ್ಲ. ಇದ್ದದ್ದು 'ರೀ' ಒಂದೇ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆ ಅಂತ ಹಿನಕಲ್ಲಿನ ಅವರಜ್ಜಿ ಕಿವಿಯಲ್ಲಿ ಹಾಕಿ ಕಳಿಸಿದ್ದರು. ಹುಣ್ಣಿಮೆ ರಾತ್ರಿ ನನ್ನ ಮಗಳು ಬಿಂದುಶ್ರೀಗೆ ಆಕಾಶ ತೋರಿಸುವಾಗಲೂ, "ಅಲ್ನೋಡು ಮಗಾ, ಮೇಲೆ ಬಂದವ್ರೆ" ಅನ್ನುತ್ತಿದ್ದರೇ ಹೊರತು ಚಂದ್ರ ಅನ್ನುತ್ತಿರಲಿಲ್ಲ. ಒಮ್ಮೆ ಜನಗಣತಿಯವರು ಬಂದು, "ಯಜಮಾನರ ಹೆಸರೇನಮ್ಮ?" ಅಂದಾಗ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಶಿವನ ಪಟ ತೋರಿಸಿದರಂತೆ. ಆತ ಶಿವಪ್ಪ ಅಂತ ಬರೆದುಕೊಂಡು ಹೊರಟೇಬಿಟ್ಟ. ಅಣ್ಣ ಆ ವರ್ಷವೆಲ್ಲ ತನ್ನನ್ನು ತಾನೇ ಶಿವಪ್ಪನೋರು ಅಂದುಕೊಂಡು ನಗುತ್ತಿದ್ದ.

ಎರಡು ವರ್ಷದ ಹಿಂದೆ ಸುಗ್ಗಿಗಂಧ ಊದಿನಕಡ್ಡಿ ಕಂಪನಿಯವರು ಇಬ್ಬರನ್ನು ಅಂಗಡಿಗೆ ಕಳಿಸಿದರು. ಕತ್ತಿನಲ್ಲಿ ಹೆಡ್‌ಫೋನು, ಕೈಯಲ್ಲಿ ಕ್ಯಾಮೆರಾ. ಆನ್‌ಲೈನ್ ಆಟವೊಂದರೊಳಗೆ ಮೈಸೂರಿನ ಬೀದಿ ಕಟ್ಟುತ್ತೇವೆ, ಅಲ್ಲಿ ನಿಮ್ಮ ಅಂಗಡಿ ಇರುತ್ತದೆ, ನೀವೂ ಇರುತ್ತೀರಿ ಅಂದರು. ಅಣ್ಣನಿಗೆ ತಲೆಬುಡ ಅರ್ಥವಾಗಲಿಲ್ಲ, ಒಪ್ಪಿಕೊಂಡ. ಸುತ್ತಲಿಂದ ಫೋಟೋ ತೆಗೆದರು, ನಡೆಸಿದರು, ತಿರುಗಿಸಿದರು. ಗಿರಾಕಿ ಕರೆದರೆ ಏನಂತೀರಿ ಅಂತ ಕೇಳಿದರು. ಇನ್ನೇನು ಅಂತಾನೆ? ಅನ್ನೋದನ್ನೇ ಅಂದ. ಅದನ್ನು ರೆಕಾರ್ಡ್ ಮಾಡಿಕೊಂಡು ಹೋದರು. "ನೋಡ್ತಿರು ದಾಕ್ಷಿ, ನಿಮ್ಮಣ್ಣ ಪ್ರಪಂಚಕ್ಕೆಲ್ಲ ಊದಿನಕಡ್ಡಿ ಮಾರ್ತಾನೆ" ಅಂತ ನನ್ನ ಹತ್ತಿರ ಕೊಚ್ಚಿಕೊಂಡ. ತಿಂಗಳುಗಟ್ಟಲೆ ಏನೂ ಸುದ್ದಿ ಬರಲಿಲ್ಲ. ನಾವೂ ಮರೆತೆವು.

ಸಂಕ್ರಾಂತಿ ಕಳೆದ ವಾರದಲ್ಲಿ ಅಣ್ಣ ಹೋದ. ಅಂಗಡಿಯಲ್ಲೇ, ಕೂತ ಸ್ಟೂಲಿನ ಮೇಲೆಯೇ, ಗೋಡೆಗೊರಗಿದ ಹಾಗೆ. ಅತ್ತಿಗೆ ಎಂದಿನಂತೆ ಪರದೆಯ ಈಚೆಯಿಂದ "ರೀ, ಊಟ" ಅಂದಿದ್ದಾರೆ. ಉತ್ತರ ಬಂದಿಲ್ಲ. ಯಾರೋ ಗಿರಾಕಿ ಇರಬೇಕು ಅಂದುಕೊಂಡು ಒಳಗೆ ಹೋಗಿ ಒಗ್ಗರಣೆ ಹಾಕಿದ್ದಾರೆ, ತಟ್ಟೆ ತೊಳೆದಿದ್ದಾರೆ. ಮತ್ತೆ ಬಂದು ಪರದೆ ಸರಿಸಿದಾಗ ಅವನ ಕೈಯಲ್ಲಿದ್ದ ಊದಿನಕಡ್ಡಿ ಪೂರ್ತಿ ಉರಿದು ಬೂದಿಯಾಗಿತ್ತು.

ಆಮೇಲೆ ಅತ್ತಿಗೆ ಅಂಗಡಿ ಮುಚ್ಚಲಿಲ್ಲ. ತಾವೇ ಸ್ಟೂಲಿನ ಮೇಲೆ ಕೂತರು. ಆದರೆ ಒಂದು ಗಂಟೆಗೆ ಅನ್ನ ಮಾಡಿಟ್ಟು ಮೂರು ಗಂಟೆಯಾದರೂ ಉಣ್ಣುತ್ತಿರಲಿಲ್ಲ. ನಾನು ಹೋಗಿ ರೇಗಾಡಿದರೆ, "ಹಸಿವಿಲ್ಲ ಕಣೇ" ಅನ್ನುತ್ತಿದ್ದರು. ಒಂದು ದಿನ ಮಾತ್ರ ಬಾಯಿಬಿಟ್ಟರು. "ದಾಕ್ಷಿ, ಅವತ್ತು 'ಬಂದೆ' ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಆ ಮಾತು ಕೇಳದೇ ಹೋಯ್ತಲ್ಲ. ಅದೊಂದು ಕೇಳ್ಬೇಕು ಅನ್ಸುತ್ತೆ, ಇನ್ನೇನೂ ಬೇಡ."

ಗೌರಿಹಬ್ಬದ ಹೊತ್ತಿಗೆ ಬಿಂದುಶ್ರೀ ಬೋಗಾದಿಯಿಂದ ಸ್ಕೂಟರಿನಲ್ಲಿ ಓಡಿಬಂದಳು. ಅವಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಅವಳ ಸ್ಟೂಡೆಂಟ್ಸ್ ತೋರಿಸಿದರಂತೆ. "ಅಮ್ಮಾ, ಮಾವ ಇದಾರೆ ಇದರೊಳಗೆ!" ಅಂತ ಮೊಬೈಲು ಹಿಡಿದಳು. ಇಬ್ಬರೂ ಅತ್ತಿಗೆಯ ಮನೆಗೆ ಹೋದೆವು.

ಆ ಆಟ ಏನಂತೀರಿ! ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಗೊಂಬೆ, ಆ ಗೊಂಬೆಯನ್ನು ಊರೂರು ಅಲೆಸುವುದು. ದೇಶದೇಶದ ಜನ ಅಲ್ಲಿ ಗೊಂಬೆಗಳಾಗಿ ತಿರುಗುತ್ತಾರೆ. ಅಲ್ಲಿಯಾದರೂ ನೆಮ್ಮದಿಯಾಗಿರಬಾರದೇ? ಹೆಜ್ಜೆಗೊಂದು ಜಾಹೀರಾತು. ಬೂಟಿನ ಕಂಪನಿಯದೊಂದು ಆಟದ ಮೈದಾನ, ಕಾರಿನ ಕಂಪನಿಯದೊಂದು ರಸ್ತೆ, ಐಸ್‌ಕ್ರೀಮಿನವರದೊಂದು ಗುಡ್ಡ. ಅದೆಲ್ಲ ದಾಟಿದ ಮೇಲೆ ಸುಗ್ಗಿಗಂಧದವರ ಮೈಸೂರು ಬೀದಿ. ಜಟಕಾಗಾಡಿ, ಹೂವಿನ ಸಾಲು, ಮಧ್ಯೆ ನಮ್ಮ ಅಂಗಡಿ. ಮೇಲೊಂದು ಬೋರ್ಡು: 'ಚಂದ್ರಮೌಳಿ ಅಂಗಡಿ. ಹೆಸರು ಹಿಡಿದು ಕರೆಯಿರಿ.'

ಒಳಗೆ ಅಣ್ಣ ಕೂತಿದ್ದ. ಗೊಂಬೆಯೇ ಸರಿ, ಕೆನ್ನೆ ಸ್ವಲ್ಪ ಉಬ್ಬಿಸಿದ್ದರು. ತಲೆಕೂದಲು ಕಪ್ಪು ಕಪ್ಪು, ನಾನು ಕಾಲೇಜಿಗೆ ಹೋಗುತ್ತಿದ್ದಾಗ ಇದ್ದ ಹಾಗೆ. ಆದರೆ ಹಣೆಯ ವಿಭೂತಿ, ಚೌಕಳಿ ಅಂಗಿ, ಒಂದು ಕಾಲು ಮಡಿಸಿ ಕೂರುವ ರೀತಿ, ಎಲ್ಲ ಅವನದೇ. ಬಿಂದು ಮೊಬೈಲನ್ನು ಬಾಯಿಯ ಹತ್ತಿರ ತಂದು, "ಚಂದ್ರಮೌಳಿ!" ಅಂದಳು. ಅವನು ಅವಳ ಗೊಂಬೆಯ ಕಡೆ ಪೂರ್ತಿ ತಿರುಗಿ ಕೈಯೆತ್ತಿದ.

"ಬಂದೆ, ಬಂದೆ, ಒಂದ್ನಿಮಿಷ!"

ಗೊಂಬೆ ಯಾರದಾದರೂ ಆಗಲಿ, ದನಿ ನಮ್ಮಣ್ಣನದು. ಅತ್ತಿಗೆಯ ಮಡಿಲಿನ ಹತ್ತಿ ನೆಲದ ಮೇಲೆ ಚೆಲ್ಲಿಹೋಯಿತು. ಅವರು ಬೆರಳ ತುದಿಯಲ್ಲಿ ಮೊಬೈಲಿನ ಗಾಜು ಮುಟ್ಟಿದರು. "ಬಿಂದು ಕಡೆ ತಿರುಗಿದ್ರು" ಅಂದರು. ಆ ಮಾತಿನಲ್ಲಿ ಇದ್ದ ಆಸೆ ನನಗೆ ಅರ್ಥವಾಯಿತು. ತಮ್ಮ ಕಡೆ ತಿರುಗಬೇಕು, ತಮಗೆ ಹೇಳಬೇಕು.

ಬಿಂದು ಅತ್ತಿಗೆಯ ಮೊಬೈಲಿಗೂ ಆಟ ಹಾಕಿ ಒಂದು ಗೊಂಬೆ ಮಾಡಿಕೊಟ್ಟಳು. ಸೀರೆ ಇಲ್ಲವಂತೆ ಆ ಲೋಕದಲ್ಲಿ. ರೆಕ್ಕೆ ಇದೆ, ಕೋಡು ಇದೆ, ಹರಿದ ಪ್ಯಾಂಟು ಇದೆ, ಒಂದು ಸೀರೆಗೆ ಗತಿಯಿಲ್ಲ! ಕೊನೆಗೆ ಹಸಿರು ಫ್ರಾಕು ತೊಡಿಸಿದಳು. ಅತ್ತಿಗೆ ನಾಚಿಕೊಂಡು, "ಹಿಂಗಿದ್ರೆ ನಾನು ಅಂತ ಅವರಿಗೆ ಗುರುತು ಸಿಗುತ್ತಾ?" ಅಂದರು. ನಾನು ತಮಾಷೆ ಮಾಡಲು ಬಾಯಿ ತೆರೆದವಳು ಅವರ ಮುಖ ನೋಡಿ ಮುಚ್ಚಿಕೊಂಡೆ.

ಅವತ್ತಿನಿಂದ ದಿನಾ ಮಧ್ಯಾಹ್ನ ಒಂದು ಗಂಟೆಗೆ ಅತ್ತಿಗೆ ನಡುಬಾಗಿಲಲ್ಲಿ ಕೂತು ಆ ಬೀದಿಗೆ ಹೋಗುತ್ತಿದ್ದರು. ಅಂಗಡಿಯ ಮುಂದೆ ಹಸಿರು ಫ್ರಾಕು ನಿಂತಿರುತ್ತಿತ್ತು. ಅಲ್ಲಿ ಅಣ್ಣನ ಕೈಯಲ್ಲಿ ಊದಿನಕಡ್ಡಿ ಉರಿಯುತ್ತದೆ, ಹೊಗೆ ಬರುತ್ತದೆ, ಪರಿಮಳ ಮಾತ್ರ ಇಲ್ಲ. ಅದಕ್ಕೆ ಅತ್ತಿಗೆ ಇಲ್ಲಿ ಒಂದು ಕಡ್ಡಿ ಹಚ್ಚಿ ಮೊಬೈಲಿನ ಪಕ್ಕ ಇಡುತ್ತಿದ್ದರು. ಆಮೇಲೆ ಮೆತ್ತಗೆ, "ರೀ" ಅನ್ನುತ್ತಿದ್ದರು.

ಅವನು ತಿರುಗುತ್ತಿರಲಿಲ್ಲ.

"ರೀ, ಇಲ್ನೋಡಿ."

ಊಹೂಂ. ಹಲ್ಲಿಯ ಬಣ್ಣದ ಗೊಂಬೆಯೊಂದು ಹಾರಿಬಂದು, ಯಾವ ದೇಶದ ನಾಲಿಗೆಯೋ, "ಚಾಂಡ್ರಾಮಾಲಿ!" ಅಂದರೂ ಸಾಕು, ಫಕ್ಕನೆ ತಿರುಗಿ "ಬಂದೆ, ಬಂದೆ" ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಹಿರಿಯರನ್ನು ಹೆಸರು ಹಿಡಿದು ಕೂಗುವುದು ಯಾವ ಮೈಸೂರಿನ ಪದ್ಧತಿ? ಬೀದಿ ಕಟ್ಟಿದ ಪುಣ್ಯಾತ್ಮರಿಗೆ ಯಾರಾದರೂ ಒಂದು ಮಾತು ಹೇಳಬಾರದಿತ್ತೇ? ಕಟ್ಟಿಕೊಂಡವಳು ದಿನಾ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಳೆ, ಅವಳಿಗೊಬ್ಬಳಿಗೆ ಉತ್ತರವಿಲ್ಲ.

ಬಿಂದು ಆ ಮಾತನ್ನು ವಿಡಿಯೋ ಮಾಡಿಕೊಟ್ಟಳು. ಯಾವಾಗ ಬೇಕಾದರೂ ಕೇಳಬಹುದು ಅತ್ತೆ ಅಂದಳು. ಅತ್ತಿಗೆ ಒಂದು ಸಲ ನೋಡಿ ವಾಪಸ್ಸು ಕೊಟ್ಟರು. "ಇದು ಬೇರೆ ಯಾರಿಗೋ ಹೇಳಿದ್ದು ಮಗಾ. ನಾನು ಕದ್ದು ಕೇಳಿಸ್ಕೊಂಡ ಹಂಗಾಗುತ್ತೆ" ಅಂದರು. ನಿಮ್ಮ ಮೊಬೈಲಿನಲ್ಲಿ ನಾನೇ ಹೆಸರು ಕೂಗ್ತೀನಿ ಅಂದರೆ ಅದಕ್ಕೂ ಒಪ್ಪಲಿಲ್ಲ, "ನೀನು ಕರೆದ್ರೆ ನಿಂಗೆ ಓಗೊಟ್ಟಂಗೆ ಕಣೇ" ಅಂದರು.

ದೀಪಾವಳಿಗೆ ಇನ್ನೇನು ವಾರವಿದೆ ಅನ್ನುವಾಗ ಅಂಗಡಿಯ ಬೋರ್ಡಿನ ಕೆಳಗೆ ಹೊಸ ಸಾಲೊಂದು ಬಂತು. ಬಲಿಪಾಡ್ಯಮಿಯ ಮಧ್ಯಾಹ್ನ ಎರಡು ಗಂಟೆಗೆ ಈ ಬೀದಿ ಮುಚ್ಚುತ್ತದೆ, ಭೇಟಿ ಕೊಟ್ಟವರಿಗೆಲ್ಲ ಧನ್ಯವಾದ. ಬಿಂದು ಕಂಪನಿಗೆ ಫೋನು ಮಾಡಿದಳು. ಪಾಪ, ಮರ್ಯಾದೆಯಾಗಿಯೇ ಮಾತಾಡಿದರು. ಹಬ್ಬದ ಜಾಹೀರಾತು ಹಬ್ಬದ ತನಕ, ಆಮೇಲೆ ಆ ಜಾಗ ಬೇರೆ ಕಂಪನಿಗೆ ಹೋಗುತ್ತದೆ, ನಮ್ಮ ಕೈಯಲ್ಲಿಲ್ಲ ಮೇಡಂ ಅಂದರು. ರಿಂಗ್ ರೋಡಿನ ಹೋರ್ಡಿಂಗ್ ಬದಲಾಯಿಸಿದ ಹಾಗೆ, ಅಷ್ಟೆ.

ನಾನು ಅತ್ತಿಗೆಯ ಮುಂದೆ ಕೂತು ಜಗಳಕ್ಕೇ ಇಳಿದೆ. "ಹೇಳ್ಬುಡಿ ಅತ್ತಿಗೆ. ಒಂದು ಸಲ ಹೇಳ್ಬುಟ್ರೆ ಏನಾಗುತ್ತೆ? ಆಯುಷ್ಯ ಕಮ್ಮಿ ಆಗೋಕೆ ಇನ್ನು ಎಲ್ಲಿದೆ ಆಯುಷ್ಯ?"

ಬಾಯಿಂದ ಜಾರಿಹೋಗಿತ್ತು. ಅತ್ತಿಗೆಗೆ ಕೋಪ ಬರಲಿಲ್ಲ. ಬೆರಳಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿ ತಟ್ಟೆಗೆ ಹಾಕಿದರು.

"ಅದೇ ಕಣೇ ಕಷ್ಟ. ಇಷ್ಟು ವರ್ಷ ಹೆಸರು ಹೇಳ್ದೆ ಕಾಪಾಡ್ಕೊಂಡೆ. ಈಗ ಹೇಳ್ಬುಟ್ರೆ, ಇನ್ನು ಕಾಪಾಡೋಕೆ ಯಾರೂ ಇಲ್ಲ ಅಂತ ನಾನೇ ಒಪ್ಕೊಂಡಂಗಲ್ವಾ? ಹೇಳ್ದೇ ಇರೋ ತನಕ ಅವರು ಅಂಗಡೀಲವ್ರೆ. ಊಟಕ್ಕೆ ಬರೋದು ತಡ ಆಗೈತೆ ಅಷ್ಟೆ."

ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಮನೆಗೆ ಬಂದೆ.

ಬಲಿಪಾಡ್ಯಮಿಯ ದಿನ ಹನ್ನೆರಡೂವರೆಗೇ ಹೋದೆ. ಆ ವರ್ಷ ಆ ಮನೆಯಲ್ಲಿ ಹಬ್ಬವಿಲ್ಲ. ಅತ್ತಿಗೆ ಬಸ್ಸಾರು, ಮುದ್ದೆ ಮಾಡಿದ್ದರು. ಅಂಗಡಿಗೆ ಅರ್ಧ ಬಾಗಿಲು ಹಾಕಿ, ಊದಿನಕಡ್ಡಿ ಹಚ್ಚಿ, ನಡುಬಾಗಿಲ ಹತ್ತಿರ ನಿಂತರು. ಕೂರಲಿಲ್ಲ, ನಿಂತರು. ಪರದೆಯನ್ನು ಒಂದು ಕಡೆ ಸರಿಸಿ, ಮೊಬೈಲನ್ನು ಖಾಲಿ ಸ್ಟೂಲಿನ ದಿಕ್ಕಿಗೆ ಹಿಡಿದುಕೊಂಡರು. ಅದರೊಳಗೆ ಅಣ್ಣ ಆಗಲೇ ಯಾರ ಯಾರಿಗೋ ತಿರುಗಿ ಕೈಯೆತ್ತುತ್ತಿದ್ದ. ಕೊನೆಯ ದಿನವೆಂದು ಬೀದಿಯ ತುಂಬ ಗೊಂಬೆಗಳು.

"ರೀ" ಅಂದರು ಒಮ್ಮೆ, ಅಭ್ಯಾಸಬಲ. ಅವನು ತಿರುಗಲಿಲ್ಲ. ಗಡಿಯಾರದಲ್ಲಿ ಒಂದೂವರೆ ದಾಟಿತು. ನಾನು ಗೋಡೆ ಹಿಡಿದು ನಿಂತಿದ್ದೆ, ಮಾತಾಡಬಾರದು ಅಂತ ಬಾಯಿಗೆ ಸೆರಗು ತುರುಕಿಕೊಂಡಿದ್ದೆ.

ಅತ್ತಿಗೆಯ ತುಟಿ ಅಲ್ಲಾಡಿತು.

ಮೊಬೈಲಿನ ಮೇಲೆ ಅಕ್ಷರ ಮೂಡಿತು: 'ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿ.'

ಮತ್ತೆ ತುಟಿ ಅಲ್ಲಾಡಿತು. ಪಕ್ಕದಲ್ಲೇ ಇದ್ದ ನನಗೂ ಉಸಿರಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಮತ್ತೆ ಅದೇ ಅಕ್ಷರ. ಆ ಹಾಳು ಮಾತು ನನ್ನದೇ ಅಲ್ಲವೇ? ಇದೇ ಮನೆಯ ಬಾಗಿಲಲ್ಲಿ ಕೈ ಚಾಚಿ ನಿಂತು ನಾನೂ ಅದನ್ನೇ ಅಂದಿದ್ದೆ. ಅವತ್ತಾದರೆ 'ನಂಗೆ ಕೇಳಿಸ್ತು' ಅನ್ನಲು ಅಣ್ಣ ಪಕ್ಕದಲ್ಲಿದ್ದ. ಇವತ್ತು ಅವನೇ ಆಚೆ ಕಡೆ ಇದ್ದ, ಮತ್ತು ಅವನಿಗೆ ಕೇಳಿಸುತ್ತಿರಲಿಲ್ಲ.

ಎರಡು ಗಂಟೆಗೆ ಇನ್ನೇನು ಸ್ವಲ್ಪ ಇತ್ತು. ಅತ್ತಿಗೆ ಕಣ್ಣು ಮುಚ್ಚಿ, ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ ಕೂಗಿದರು. ಆ ಮೆತ್ತನೆಯ ಹೆಂಗಸಿನ ಹೊಟ್ಟೆಯೊಳಗೆ ಅಂಥ ದನಿ ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಶಿವನೇ ಬಲ್ಲ.

"ಚಂದ್ರಮೌಳೀ! ರೀ, ಚಂದ್ರಮೌಳೀ!"

ಎದುರು ಮನೆಯವರು ಬಾಗಿಲಿಗೆ ಬಂದರು. ಮೊಬೈಲಿನೊಳಗೆ ಅಣ್ಣ ಆ ಗುಂಪನ್ನೆಲ್ಲ ಬಿಟ್ಟು, ಹಸಿರು ಫ್ರಾಕಿನ ಕಡೆ ತಿರುಗಿದ. ಪೂರ್ತಿ ತಿರುಗಿದ. ಕೈಯೆತ್ತಿದ.

"ಬಂದೆ, ಬಂದೆ, ಒಂದ್ನಿಮಿಷ!"

"ಹೂಂ" ಅಂದರು ಅತ್ತಿಗೆ. ಅಷ್ಟೇ ಅಂದರು. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನಂತೂ ಸೆರಗು ಕಿತ್ತು ಹಾಕಿ ಬಿಕ್ಕಿ ಬಿಕ್ಕಿ ಅತ್ತೆ. ಅವನು ಕೈಯೆತ್ತಿಕೊಂಡೇ ಇದ್ದ ಹಾಗೆ ಜಟಕಾಗಾಡಿ ಮಾಯವಾಯಿತು, ಹೂವಿನ ಸಾಲು ಹೋಯಿತು, ಬೋರ್ಡು ಹೋಯಿತು, ಅಂಗಡಿಯೂ ಹೋಯಿತು. ಹಸಿರು ಫ್ರಾಕಿನ ಗೊಂಬೆ ಬಯಲಿನಲ್ಲಿ ಒಂಟಿಯಾಗಿ ನಿಂತಿತ್ತು.

"ಕೇಳಿಸ್ತಾ ದಾಕ್ಷಿ?" ಅಂದರು ಅತ್ತಿಗೆ, ಸ್ಟೂಲನ್ನೇ ನೋಡುತ್ತ.

"ಕೇಳಿಸ್ತು ಅತ್ತಿಗೆ. ನೀವು ಕರೆದದ್ದೂ ಕೇಳಿಸ್ತು, ಅವನು ಓಗೊಟ್ಟಿದ್ದೂ ಕೇಳಿಸ್ತು."

ಅವರು ಮೊಬೈಲನ್ನು ಹತ್ತಿಯ ತಟ್ಟೆಯಲ್ಲಿ ಇಟ್ಟು, ಪರದೆಯನ್ನು ಮೊದಲಿನ ಹಾಗೆ ಎಳೆದರು. ಅಡುಗೆಮನೆಗೆ ಹೋಗಿ ಎರಡು ತಟ್ಟೆ ಇಟ್ಟರು. "ಅವರ ಒಂದ್ನಿಮಿಷ ನಂಗೊತ್ತಿಲ್ವಾ? ಕಾಯ್ತಾ ಕೂತ್ರೆ ಸಾರು ಆರೋಗುತ್ತೆ. ಬಾ ದಾಕ್ಷಿ, ನಾವು ಉಣ್ಣೋಣ" ಅಂದರು.

ನನಗೆ ಬಡಿಸಿದರು, ತಮಗೂ ಬಡಿಸಿಕೊಂಡರು. ಮುದ್ದೆ ಮುರಿದು, ಸಾರಿಗೆ ಅದ್ದಿ, ನನಗಿಂತ ಮೊದಲು ಅವರೇ ತುತ್ತು ಬಾಯಿಗಿಟ್ಟರು.